ಬಿಟ್ಟ ಮೀನು, ಉಳಿದ ಮೀನು

ಮೈಸೂರಿನ ವ್ಯಾನ್ ಇಂಗನ್ ಮನೆತನ ಎಂದರೆ ಹಳಬರಿಗೆ ನೆನಪಾಗುವುದು ಬೇಟೆಯಾಡಿದ ಹುಲಿ, ಚಿರತೆಗಳನ್ನು ಬದುಕಿರುವಂತೆಯೇ ನಿಲ್ಲಿಸಿ ಕೊಡುತ್ತಿದ್ದ ಅವರ ಕಾರ್ಖಾನೆ. ಆ ಮನೆಯವರೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ ಗಾಳ ಹಾಕಿ ಮಹಶೀರ್ ಎಂಬ ದೊಡ್ಡ ಹೊಳೆಮೀನೊಂದನ್ನು ಹಿಡಿದರು. ತೂಕ 120 ಪೌಂಡು, ಅಂದರೆ ಸುಮಾರು 54 ಕಿಲೋ. ಒಬ್ಬ ಆಳಿನಷ್ಟು ತೂಕದ ಮೀನು. ಗಾಳದವರ ಲೋಕದಲ್ಲಿ ಇವತ್ತಿಗೂ ಅದೇ ದಾಖಲೆ.

ಆ ಜಾತಿಯ ಮಹಶೀರ್‌ನ ಬೆನ್ನು ತಲೆಯ ಹಿಂದಿನಿಂದಲೇ ಗೂನು ಎದ್ದಂತೆ ಉಬ್ಬಿರುತ್ತದೆ. ಬಾಲದ ರೆಕ್ಕೆಗೆ ಕಿತ್ತಳೆ ಛಾಯೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಇಷ್ಟು ದೊಡ್ಡ, ಇಷ್ಟು ಹೆಸರುವಾಸಿಯಾದ, ಬ್ರಿಟಿಷ್ ಸಾಹೇಬರು ಪುಟಗಟ್ಟಲೆ ವರ್ಣಿಸಿದ ಮೀನಿಗೆ 2018ರವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ನಾನು ಹೇಳಹೊರಟ ಕತೆಯೆಲ್ಲ ಈ ಒಂದು ಕೊರತೆಯಿಂದಲೇ ಹುಟ್ಟಿದ್ದು. ಗೂನುಬೆನ್ನಿನ ಮಹಶೀರ್ ಯಾವುದು, ಇತರ ಮಹಶೀರ್ ಯಾವುದು ಎಂಬ ಗೊಡವೆ ಯಾರಿಗೂ ಇರಲಿಲ್ಲ. ಮಹಶೀರ್ ಕಡಿಮೆಯಾಗಿದೆಯಂತೆ, ಸರಿ, ಮಹಶೀರ್ ತಂದು ಬಿಡೋಣ. ಎಲ್ಲಿಂದ ತರುವುದು? ಎಲ್ಲಿ ಸಿಗುತ್ತದೋ ಅಲ್ಲಿಂದ.

ಸಿಗುತ್ತಿದ್ದದ್ದು ಲೋಣಾವಳದಲ್ಲಿ.

ಮುಂಬೈ–ಪುಣೆ ದಾರಿಯ ಘಟ್ಟದ ನೆತ್ತಿಯಲ್ಲಿ ಟಾಟಾ ವಿದ್ಯುತ್ ಕಂಪನಿಯವರು ನೂರು ವರ್ಷದ ಹಿಂದೆಯೇ ಕಟ್ಟಿಸಿದ ಅಣೆಕಟ್ಟುಗಳಿವೆ. ಪೂರ್ವಕ್ಕೆ ಹರಿದು ಭೀಮೆಯನ್ನೂ ಆಮೇಲೆ ಕೃಷ್ಣೆಯನ್ನೂ ಸೇರಬೇಕಿದ್ದ ನೀರನ್ನು ತಡೆದು, ಪಶ್ಚಿಮಕ್ಕೆ ಘಟ್ಟದ ಕೆಳಗೆ ಧುಮ್ಮಿಕ್ಕಿಸಿ ಮುಂಬೈಗೆ ಕರೆಂಟು ಮಾಡುವ ಏರ್ಪಾಡು. ಅದರಲ್ಲಿ ವಳವಣ ಎಂಬ ಕೆರೆ ಒಂದು. ನೀಲಿ ರೆಕ್ಕೆಯ ಮಹಶೀರ್ ಆ ಕಣಿವೆಯದೇ ಮೀನು. ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಮೂಳಾ–ಮುಠಾ ಹೊಳೆಯಿಂದ. ಅಣೆಕಟ್ಟು ಬಂದ ಮೇಲೂ ಅದು ಆ ಕೆರೆಗಳಲ್ಲಿ ಉಳಿದುಕೊಂಡಿತ್ತು. ಮಳೆಗಾಲದಲ್ಲಿ ಕೆರೆಗೆ ಬಂದು ಸೇರುವ ಹಳ್ಳಗಳ ಕಡೆಗೆ ಏರಿ ಹೋಗುತ್ತಿತ್ತು.

1970ರಲ್ಲಿ ಸಿ. ವಿ. ಕುಲಕರ್ಣಿ ಎಂಬ ಮೀನುಗಾರಿಕಾ ವಿಜ್ಞಾನಿ ಆ ಮೀನುಗಳನ್ನು ಹಿಡಿದು ಕೃತಕವಾಗಿ ಮರಿ ಮಾಡಿಸುವುದರಲ್ಲಿ ಗೆದ್ದರು. ಮುಂದೆ ಎಸ್. ಎನ್. ಓಗಳೆ ಆ ಕೆಲಸವನ್ನು ದಶಕಗಳ ಕಾಲ ನಡೆಸಿದರು. ಇದು ಸಣ್ಣ ಸಾಧನೆಯಲ್ಲ, ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಾಟ್ಲಾ, ರೋಹು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ, ಮಹಶೀರ್‌ದು ಸಾವಿರಗಳ ಲೆಕ್ಕ. ಮೊಟ್ಟೆ ದೊಡ್ಡದು, ಜೇನಿನ ಬಣ್ಣದ್ದು, ತೂಕದ್ದು. ನೀರಿನಲ್ಲಿ ತೇಲದೆ ತಳಕ್ಕೆ ಹೋಗಿ ಕೂರುತ್ತದೆ. ತಾಯಿಮೀನಿನ ಹೊಟ್ಟೆಯನ್ನು ಮೆಲ್ಲಗೆ ಬಾಲದ ಕಡೆಗೆ ಒತ್ತಿದರೆ, ಹದ ಬಂದಿದ್ದರೆ, ಮೊಟ್ಟೆಗಳು ಒಣಗಿದ ಬೋಗುಣಿಗೆ ಸರಸರನೆ ಇಳಿಯುತ್ತವೆ. ಹದ ಬಂದಿಲ್ಲದಿದ್ದರೆ ಎಷ್ಟು ಒತ್ತಿದರೂ ಮೀನಿಗೆ ಹಿಂಸೆ ಅಷ್ಟೇ. ಗಂಡಿನ ಹಾಲನ್ನು, ಅಂದರೆ ವೀರ್ಯವನ್ನು, ಮೇಲೆ ಹಿಂಡಿ, ಹಕ್ಕಿಯ ಗರಿಯಿಂದ ಕಲಸಿ, ಆಮೇಲೆ ನೀರು. ಅಲ್ಲಿಂದ ಸುಮಾರು ಮೂರು ದಿನಕ್ಕೆ ಮರಿ ಒಡೆಯುತ್ತದೆ. ಒಡೆದ ಮರಿ ಮೊದಲ ಕೆಲವು ದಿನ ಈಜುವುದೇ ಇಲ್ಲ. ಹೊಟ್ಟೆಯ ಹಳದಿ ಚೀಲದಲ್ಲಿರುವ ಬುತ್ತಿಯನ್ನು ಉಣ್ಣುತ್ತ, ಬೆಳಕಿಗೆ ಬೆನ್ನು ಮಾಡಿ, ತೊಟ್ಟಿಯ ಮೂಲೆಯಲ್ಲಿ ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು ರಾಶಿಬಿದ್ದಿರುತ್ತದೆ. ಹೊಳೆಯಲ್ಲಾದರೆ ಕಲ್ಲುಗಳ ಸಂದಿಯಲ್ಲಿ ಅಡಗಿ ಕಳೆಯಬೇಕಾದ ದಿನಗಳು ಅವು.

ಲೋಣಾವಳದವರು ಕಂಡುಕೊಂಡ ಇನ್ನೊಂದು ಜಾಣ ಉಪಾಯ ನನಗೆ ಬಹಳ ಇಷ್ಟ. ಬಲಿತ ಮರಿಗಳನ್ನು ನೀರು ತುಂಬಿದ ಚೀಲಗಳಲ್ಲಿ ಹೊರುವುದು ಭಾರದ ಕೆಲಸ, ದಾರಿಯಲ್ಲಿ ಸಾಯುವುದೂ ಹೆಚ್ಚು. ಅವರು ಫಲಿತ ಮೊಟ್ಟೆಗಳನ್ನೇ ಒದ್ದೆ ಹತ್ತಿಯ ಪದರಗಳ ನಡುವೆ ಇಟ್ಟು ಪೆಟ್ಟಿಗೆಯಲ್ಲಿ ಕಳಿಸಿದರು. ನೀರೇ ಇಲ್ಲದೆ, ಬರೀ ತೇವದಲ್ಲಿ, ಮೀನಿನ ಸಂತಾನ ಊರಿಂದೂರಿಗೆ ಪ್ರಯಾಣ ಮಾಡಿತು. ತಲುಪಿದ ಮೇಲೆ ಹತ್ತಿಯಿಂದ ಬಿಡಿಸಿ ನೀರಿಗೆ ಹಾಕಿದರೆ ಆಯಿತು. ಹೀಗೆ ಮೊಟ್ಟೆಯಾಗಿಯೂ ಮರಿಯಾಗಿಯೂ ನೀಲಿ ರೆಕ್ಕೆಯ ಮಹಶೀರ್ ದೇಶದ ನಾನಾ ರಾಜ್ಯಗಳ ಕೆರೆ, ಜಲಾಶಯ, ಹೊಳೆಗಳನ್ನು ಸೇರಿತು. ಲಕ್ಷಾಂತರ ಮರಿ.

ಕಾವೇರಿಗೂ ಬಂತು.

ಬಿಟ್ಟವರ ಉದ್ದೇಶದಲ್ಲಿ ಒಂದು ಎಳ್ಳಷ್ಟೂ ಕಲ್ಮಶ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗ ಕಾವೇರಿಯ ಸ್ಥಿತಿ ಹಾಗಿತ್ತು. ಸ್ವಾತಂತ್ರ್ಯದ ನಂತರ ಈ ಮೀನಿನ ಸುದ್ದಿಯೇ ಅಡಗಿಹೋಗಿತ್ತು, ಮುಗಿದೇ ಹೋಯಿತೇನೋ ಎಂದುಕೊಂಡಿದ್ದರು. 1977–78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಗಾಳ ಹೊತ್ತುಕೊಂಡು ಭಾರತ ಸುತ್ತುತ್ತ ಕಾವೇರಿಗೆ ಬಂದು ದೈತ್ಯ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ಜಗತ್ತಿನ ಗಾಳದವರ ಕಣ್ಣು ಮತ್ತೆ ಇತ್ತ ಬಿತ್ತು. ಬೆಂಗಳೂರಿನಲ್ಲಿ 1972ರಲ್ಲೇ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ಹೊಳೆಯ ಒಂದಷ್ಟು ಪಾತ್ರವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿದರು. ಜಂಗಲ್ ಲಾಡ್ಜಸ್‌ನವರು ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ನಡೆಸಿದರು. ಹಿಡಿ, ತೂಗು, ಫೋಟೋ ತೆಗೆ, ಬಿಡು ಎಂಬ ನಿಯಮ. ಮಹಶೀರ್‌ಗೆ ಗಾಳದ ಎರೆ ಏನು ಗೊತ್ತೇ? ರಾಗಿ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುವುದು. ಲಂಡನ್ನಿನಿಂದ ಸಾವಿರಾರು ಪೌಂಡು ಖರ್ಚು ಮಾಡಿ ಬಂದವನೂ ಕೊನೆಗೆ ಮಂಡ್ಯದ ಮುದ್ದೆಗೇ ಶರಣು. ಗಾಳದವರಿಗೆ ದಾರಿ ತೋರುತ್ತಿದ್ದವರು ಸುತ್ತಲ ಹಳ್ಳಿಯವರು. ಅವರಲ್ಲಿ ಕೆಲವರು ಮೊದಲು ಇದೇ ಮಡುಗಳಿಗೆ ಸಿಡಿಮದ್ದು ಎಸೆದು ಮೀನು ಎತ್ತುತ್ತಿದ್ದವರು. ಸಿಡಿಮದ್ದು ಒಂದು ಮಡುವಿನಲ್ಲಿ ಸಿಡಿದರೆ ತಾಯಿ, ಮರಿ, ಏಡಿ, ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಕೈಗೆ ಸಿಗುವುದು ಅರ್ಧ, ಉಳಿದದ್ದು ಹೊಳೆಪಾಲು.

ಇಂಥ ಹೊಳೆಗೆ ಮರಿ ತಂದು ಬಿಡುವುದು ಪುಣ್ಯದ ಕೆಲಸವೆಂದೇ ಆಗ ಎಲ್ಲರಿಗೂ ಅನ್ನಿಸಿದ್ದು. ಅನ್ನಿಸದೆ ಇರುವುದಕ್ಕೆ ಕಾರಣವೂ ಇರಲಿಲ್ಲ. ಮಹಶೀರ್ ಎಂದರೆ ಮಹಶೀರ್.

ತಪ್ಪು ಹೊರಬಿದ್ದದ್ದು ಗಾಳದವರ ನೋಟ್‌ಬುಕ್ಕುಗಳಿಂದ. ಗಾಳಿಬೋರೆ ಶಿಬಿರದಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು: ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ತೂಕವೆಷ್ಟು ಎಂದು ದಿನದಿನವೂ ಬರೆದಿಡುವುದು. ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಹರವಿಕೊಂಡು ಕುಳಿತರು. 23 ಸಾವಿರ ಗಂಟೆಗೂ ಮೀರಿದ ಗಾಳ, 6 ಸಾವಿರಕ್ಕೂ ಮೇಲ್ಪಟ್ಟ ಮಹಶೀರ್. ಮೇಲುಮೇಲಕ್ಕೆ ನೋಡಿದರೆ ಸಂಭ್ರಮದ ಲೆಕ್ಕ. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರಿದೆ. ಬಣ್ಣ ನೋಡಿ ಬೇರ್ಪಡಿಸಿದಾಗ ಚಿತ್ರವೇ ಬದಲಾಯಿತು. ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ವರ್ಷ ವರ್ಷವೂ ಅಪರೂಪವಾಗುತ್ತ ಬಂದಿತ್ತು, ಸಿಕ್ಕಿದ್ದು ಮಾತ್ರ ಮೊದಲಿಗಿಂತ ದೊಡ್ಡ ದೊಡ್ಡ ಮೀನು.

ದೊಡ್ಡ ಮೀನು ಸಿಗುವುದು ಒಳ್ಳೆಯದಲ್ಲವೇ ಎನ್ನಬಹುದು. ಗಾಳದವನಿಗೆ ಒಳ್ಳೆಯದು. ಮೀನಿನ ವಂಶಕ್ಕೆ ಅದು ಕೆಟ್ಟ ಸುದ್ದಿ. ಮುದುಕರು ಇದ್ದಾರೆ, ಮಕ್ಕಳಿಲ್ಲ ಎಂದು ಅದರ ಅರ್ಥ. ಮದುವೆಮನೆಯ ಫೋಟೋದಲ್ಲಿ ಅಜ್ಜ ಅಜ್ಜಿಯರು ಮಾತ್ರ ಕೂತಿದ್ದರೆ ಹೇಗೋ ಹಾಗೆ. ಮಹಶೀರ್ ನಿಧಾನವಾಗಿ ಬೆಳೆಯುವ, ಬಹಳ ವರ್ಷ ಬಾಳುವ ಮೀನು. ಆದ್ದರಿಂದ ಹೊಸ ಮರಿ ಬರುವುದು ನಿಂತು ಹತ್ತು ವರ್ಷವಾದರೂ ಹೊಳೆಯಲ್ಲಿ ಮೀನು ಇದೆ ಎಂದೇ ಕಾಣುತ್ತಿರುತ್ತದೆ. 50 ಪೌಂಡಿನ ಮೀನು ಹಿಡಿದವನ ನಗುಮುಖದ ಫೋಟೋ ಬರುತ್ತಲೇ ಇರುತ್ತದೆ.

ಎಲ್ಲವನ್ನೂ ನೀಲಿ ರೆಕ್ಕೆಯ ಮೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೃಷ್ಣರಾಜಸಾಗರ ಇದೆ, ಕಬಿನಿ ಇದೆ, ಕೆಳಗೆ ಮೆಟ್ಟೂರು ಇದೆ; ಮೊಟ್ಟೆಯಿಡಲು ಹೊಳೆಯೇರಿ ಹೋಗುವ ಮೀನಿಗೆ ಪ್ರತಿ ಕಟ್ಟೆಯೂ ಗೋಡೆ. ಬೆಣಚುಕಲ್ಲು, ಗರಸು, ಮರಳು ತುಂಬಿದ ತಳವೇ ಅದರ ಹೆರಿಗೆಮನೆ. ಅದನ್ನು ಲಾರಿಗಳಲ್ಲಿ ತುಂಬಿಕೊಂಡು ಹೋಗಿದ್ದೇವೆ. ಸಿಡಿಮದ್ದಿನ ಮಾತು ಹೇಳಿಯಾಗಿದೆ. ಮೊದಲೇ ಬಸವಳಿದಿದ್ದ ಒಂದು ಜಾತಿಯ ಪಕ್ಕಕ್ಕೆ ಅದೇ ಊಟ ಉಣ್ಣುವ, ಅದೇ ಜಾಗ ಬೇಡುವ, ತೊಟ್ಟಿಯಲ್ಲಿ ಸುಖವಾಗಿ ಬೆಳೆದು ಬಂದ ನೆಂಟರನ್ನು ಸಾವಿರ ಸಾವಿರವಾಗಿ ತಂದು ಕೂರಿಸಿದೆವು. ಬೆರಕೆಯ ಭಯ ಬೇರೆ. ಮಹಶೀರ್‌ಗಳು ಹತ್ತಿರದ ಬಳಗ, ಒಂದರ ಮೊಟ್ಟೆಗೆ ಇನ್ನೊಂದರ ಹಾಲು ಬಿದ್ದರೆ ಮರಿಯಾಗದೆ ಇರುವುದಿಲ್ಲ.

2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತು. ಅದು ವನ್ಯಧಾಮ, ಅಲ್ಲಿ ಮೋಜಿನ ಮೀನುಬೇಟೆಗೆ ಕಾನೂನಿನಲ್ಲಿ ಜಾಗವಿಲ್ಲ. ನನಗೂ ಗಾಳದ ಆಟ ಅಷ್ಟಾಗಿ ಹಿಡಿಸುವುದಿಲ್ಲ. ಬಾಯಿಗೆ ಕೊಕ್ಕೆ ಚುಚ್ಚಿ, ಮುಕ್ಕಾಲು ಗಂಟೆ ಎಳೆದಾಡಿ, ಆಮೇಲೆ ಮುತ್ತು ಕೊಟ್ಟು ಬಿಡುವುದರಲ್ಲಿ ಎಂಥ ಪ್ರೀತಿಯೋ ಕಾಣೆ. ಆದರೂ ಒಪ್ಪಲೇಬೇಕಾದ ಮಾತೊಂದಿದೆ. ಆ ಮೀನಿನ ಮೇಲೆ ಹದಿನೈದು ವರ್ಷ ಬಿಡದೆ ಕಣ್ಣಿಟ್ಟವರು ಅವರೇ. ಗಾಳ ನಿಂತ ಮೇಲೆ ಪುಸ್ತಕವೂ ಮುಚ್ಚಿತು, ರಾತ್ರಿ ಹೊಳೆದಂಡೆಯ ಕಾವಲೂ ತೆಳುವಾಯಿತು.

ಇನ್ನು ಹೆಸರಿನ ಪ್ರಸಂಗ. ಕೇರಳದ ಪಾಂಬಾರ್ ಎಂಬ ಹೊಳೆ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಅಲ್ಲಿನ ಸಣ್ಣಪುಟ್ಟ ಮಾದರಿಗಳನ್ನು ನೋಡಿ ಇಬ್ಬರು ವಿಜ್ಞಾನಿಗಳು ಒಂದು ಹೊಸ ಮಹಶೀರ್ ಜಾತಿಯನ್ನು ವಿವರಿಸಿ, ಮೀನುಗಳ ತಜ್ಞೆ ಕೆ. ರೇಮಾ ದೇವಿಯವರ ಗೌರವಾರ್ಥ ಟಾರ್ ರೇಮಾದೇವಿಯೈ ಎಂದು ಹೆಸರಿಟ್ಟಿದ್ದರು. ಅದು ಯಾರ ಗಮನವನ್ನೂ ಹೆಚ್ಚು ಸೆಳೆಯಲಿಲ್ಲ. ಪಿಂಡರ್ ಮತ್ತು ರಾಘವನ್ ತಂಡಕ್ಕೆ ಕಾವೇರಿಗೇ ನೀರು ಕೊಡುವ ಮೋಯಾರ್ ಹೊಳೆಯಲ್ಲಿ ಗೂನುಬೆನ್ನಿನ ಮೀನುಗಳು ಸಿಕ್ಕವು. ಆಕಾರ, ಡಿಎನ್‌ಎ ಎರಡನ್ನೂ ತಾಳೆ ನೋಡಿದರೆ, ಪಾಂಬಾರಿನ ಸಣ್ಣ ಮೀನೂ ಕಾವೇರಿಯ ದೈತ್ಯನೂ ಒಂದೇ! 2018ರಲ್ಲಿ ಅದು ಪ್ರಕಟವಾಯಿತು. ಹೆಸರು ಗಟ್ಟಿಯಾದ ಮೇಲೆಯೇ ಅದಕ್ಕೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಜಾಗ ಸಿಕ್ಕಿದ್ದು. ಅದೇ ವರ್ಷ, ನೇರವಾಗಿ ಅಳಿವಿಗೆ ತೀರಾ ಸಮೀಪದ ವರ್ಗಕ್ಕೆ. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಗೂ ಸೇರಿಸಲು ಬರುವುದಿಲ್ಲ, ಯಾವ ಕಡತಕ್ಕೂ ಅದು ಕಾಣುವುದಿಲ್ಲ.

ನೀಲಿ ರೆಕ್ಕೆಯ ಮೀನಿನ ಕತೆ ಇದಕ್ಕೆ ಸರಿ ಉಲ್ಟಾ. ಮೊದಲು ಅದನ್ನು ಅಪಾಯದಲ್ಲಿರುವ ಜಾತಿ ಎಂದು ಪಟ್ಟಿ ಮಾಡಿದ್ದರು. ಆಮೇಲಿನ ಪರಿಶೀಲನೆಯಲ್ಲಿ ಆತಂಕವಿಲ್ಲದ ವರ್ಗಕ್ಕೆ ಇಳಿಸಿದರು. ಅರ್ಧ ಶತಮಾನದ ಮರಿ ಬಿತ್ತನೆಯ ಗೆಲುವು ಎಂದು 2020ರಲ್ಲಿ ಪತ್ರಿಕೆಗಳೆಲ್ಲ ಬರೆದವು. ಅದರ ತವರಿನ ಮಟ್ಟಿಗೆ ಸಂತೋಷದ ಸಂಗತಿಯೇ. ನನಗೆ ಮಾತ್ರ ಆ ಸುದ್ದಿಯನ್ನು ಕಾವೇರಿಯ ನೋಟ್‌ಬುಕ್ಕಿನ ಪಕ್ಕಕ್ಕಿಟ್ಟು ಓದದೆ ಇರಲಾಗಲಿಲ್ಲ. ಒಂದೇ ಕೆಲಸ, ಒಂದೇ ಮರಿ. ಒಂದು ಕಣಿವೆಯಲ್ಲಿ ರಕ್ಷಣೆ, ಇನ್ನೊಂದರಲ್ಲಿ ಅತಿಕ್ರಮಣ.

ಮರಿ ಬಿಡುವುದರಲ್ಲಿ ಒಂದು ಆಕರ್ಷಣೆ ಇದೆ, ಅದನ್ನು ಅಲ್ಲಗಳೆಯುವುದು ಕಷ್ಟ. ಕಟ್ಟೆ ಒಡೆಯುವಂತಿಲ್ಲ, ಮರಳು ದಂಧೆ ನಿಲ್ಲಿಸಹೊರಟರೆ ಕೈಕಾಲು ಉಳಿಯುವುದಿಲ್ಲ, ಚರಂಡಿ ತಿರುಗಿಸಲು ಕೋಟಿ ಬೇಕು. ಮರಿ ಬಿಡಲು ಒಂದು ಬೆಳಗ್ಗೆ ಸಾಕು. ಎಣಿಕೆ ಸಿಗುತ್ತದೆ, ಫೋಟೋ ಸಿಗುತ್ತದೆ, ಮಕ್ಕಳು ಕೈತಟ್ಟುತ್ತಾರೆ. ಇಂಥ ಒಂದು ಕಾರ್ಯಕ್ರಮದಲ್ಲಿ ನಾನೂ ದಡದಲ್ಲಿ ನಿಂತಿದ್ದೆ. ಆಮ್ಲಜನಕ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಮರಿಗಳು ಬಂದಿದ್ದವು. ಚೀಲವನ್ನು ಬಾಯಿ ಬಿಚ್ಚದೆ ಕೆರೆಯ ನೀರಿನ ಮೇಲೆ ಕಾಲು ಗಂಟೆಯಾದರೂ ತೇಲಬಿಡಬೇಕು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಕೆರೆನೀರು ಬೆರೆಸಿ, ಮರಿಗಳು ತಾವಾಗಿ ಈಜಿ ಹೋಗುವಂತೆ ಚೀಲ ವಾಲಿಸಬೇಕು. ಮರಿ ತಂದ ಹುಡುಗ ಇದನ್ನೆಲ್ಲ ಹೇಳಿದ. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮವಿತ್ತು. ಸೋಪಾನದ ಮೇಲಿನ ಮೆಟ್ಟಿಲಿನಿಂದಲೇ ಚೀಲ ಬಿಚ್ಚಿ ಸುರಿದರು, ಕ್ಯಾಮರಾಗೆ ಸರಿಯಾಗಿ ಕಾಣಲಿಲ್ಲವೆಂದು ಇನ್ನೊಂದು ಚೀಲವನ್ನೂ ಸುರಿದರು. ಮರಿಗಳು ಒಂದು ಮಗ್ಗುಲಾಗಿ ಬಾಯಿ ತೆರೆದು ಮುಚ್ಚುತ್ತ ಮೇಲೆ ತೇಲುತ್ತಿದ್ದವು. ಭಾಷಣ ಮುಗಿಯುವ ಮೊದಲೇ ಬೆಳ್ಳಕ್ಕಿಗಳ ಪಂಕ್ತಿ ಕೂತಾಗಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಎನ್ನುತ್ತೇವಲ್ಲ, ಅದಕ್ಕೆ ನಾನು ಕಣ್ಣಾರೆ ಕಂಡ ಉದಾಹರಣೆ ಇದು. ಮರುದಿನದ ಪತ್ರಿಕೆಯಲ್ಲಿ ಬಿಟ್ಟ ಮರಿಗಳ ಸಂಖ್ಯೆ ಬಂತು.

ಬಿಟ್ಟದ್ದರ ಲೆಕ್ಕ ಇಡುವ ನಾವು ಉಳಿದದ್ದರ ಲೆಕ್ಕ ಇಡುವುದಿಲ್ಲ. ನನ್ನ ತಕರಾರೆಲ್ಲ ಇಷ್ಟೇ. ಮೂರು ವರ್ಷದ ಮೇಲೆ ಅದೇ ಕೆರೆಯಲ್ಲಿ ಬಲೆ ಹಾಕಿ ಎಷ್ಟಿವೆ, ಎಷ್ಟು ಬೆಳೆದಿವೆ, ಮುಖ್ಯವಾಗಿ ಮರಿ ಮಾಡಿವೆಯೇ ಎಂದು ನೋಡುವವರು ಎಷ್ಟು ಜನ? ಮಹಶೀರ್ ವಿಷಯದಲ್ಲಂತೂ ನಿಂತ ನೀರಿನ ಕೆರೆ ಬರೀ ಛತ್ರ; ಅಲ್ಲಿ ಉಂಡು ಬೆಳೆಯಬಹುದು, ಸಂಸಾರ ಹೂಡಲು ಹರಿಯುವ ಹಳ್ಳ, ಬೆಣಚುಕಲ್ಲಿನ ತಳ ಬೇಕು. ವಳವಣದ ಕೆರೆಗೆ ಅಂಥ ಹಳ್ಳಗಳಿವೆ. ಎಲ್ಲ ಕೆರೆಗೂ ಇರುವುದಿಲ್ಲ. ಹಳ್ಳವಿಲ್ಲದ ಕೆರೆಗೆ ಪ್ರತಿ ವರ್ಷ ಬಿಡುತ್ತಲೇ ಇರಬೇಕು.

ಇಂಗ್ಲೆಂಡಿನ ಕೆರೆಜಿಲ್ಲೆಯ ಬ್ಯಾಸೆಂಥ್ವೇಟ್ ಕೆರೆಯ ಕತೆ ಇಲ್ಲಿ ಹೇಳಬೇಕೆನ್ನಿಸುತ್ತದೆ. ಅಲ್ಲಿ ವೆಂಡೇಸ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನಿತ್ತು, ಹಿಮಯುಗ ಕರಗಿದಾಗಿನಿಂದ ತಣ್ಣನೆಯ ಆಳದಲ್ಲಿ ಬದುಕಿಕೊಂಡು ಬಂದದ್ದು. ಇಡೀ ಬ್ರಿಟನ್ನಿನಲ್ಲಿ ಅದು ಸಹಜವಾಗಿದ್ದದ್ದು ನಾಲ್ಕೇ ಕೆರೆಗಳಲ್ಲಿ, ಎರಡರಲ್ಲಿ ಆಗಲೇ ಮುಗಿದಿತ್ತು. ಬ್ಯಾಸೆಂಥ್ವೇಟ್‌ಗೆ ಕೊಳಚೆಯ ಸತ್ವ ಸೇರಿತು, ಹೂಳು ಬಂತು, ದೊಡ್ಡ ಮೀನಿಗೆ ಎರೆಯಾಗಿ ಗಾಳದವರು ತಂದ ರಫ್ ಎಂಬ ಹೊರಗಿನ ಮೀನು ತಪ್ಪಿಸಿಕೊಂಡು ಹಬ್ಬಿ, ವೆಂಡೇಸ್‌ನ ಮೊಟ್ಟೆ ತಿನ್ನತೊಡಗಿತು. ಅಲ್ಲಿನವರು ಮೊದಲು ಮಾಡಿದ ಕೆಲಸ, 1997 ಮತ್ತು 1999ರಲ್ಲಿ ವೆಂಡೇಸ್‌ನ ಸಂತಾನವನ್ನು ಸ್ಕಾಟ್‌ಲೆಂಡಿನ ಗುಡ್ಡದ ಮೇಲಿನ ಲಾಕ್ ಸ್ಕೀನ್ ಎಂಬ ಕೆರೆಗೆ ಒಯ್ದು ಸಾಕಿದ್ದು. ಕೆಡಿಸಲು ಅಲ್ಲಿ ಅದರ ನೆಂಟರಾಗಲಿ, ಮೊಟ್ಟೆ ತಿನ್ನುವ ರಫ್ ಆಗಲಿ ಇರಲಿಲ್ಲ. ಹೆಚ್ಚು ಸದ್ದುಗದ್ದಲವಿಲ್ಲದೆ ಅಲ್ಲಿ ಅದು ಮನೆ ಮಾಡಿತು. ಇತ್ತ 2001ರಲ್ಲಿ ಬ್ಯಾಸೆಂಥ್ವೇಟ್‌ನಲ್ಲಿ ವೆಂಡೇಸ್ ಮುಗಿಯಿತು ಎಂದುಕೊಂಡರು. ನೀರು ಶುದ್ಧಗೊಳಿಸುವ ಕೆಲಸ ಮಾತ್ರ ಬಿಡಲಿಲ್ಲ. 2013ರಲ್ಲಿ, ಯಾರೂ ಹೊಸದಾಗಿ ಬಿಡದೆಯೇ, ಸಮೀಕ್ಷೆಯ ಬಲೆಗೆ ಒಂದು ವೆಂಡೇಸ್ ಬಿತ್ತು! ಮೆಕ್ಸಿಕೋದ ತೆಉಚಿತ್ಲಾನ್ ಊರಿನ ಊಟೆಯಲ್ಲಿ ಮುಗಿದುಹೋಗಿದ್ದ ಬೆರಳುದ್ದದ ಟೆಕೀಲಾ ಮೀನನ್ನೂ ಹೀಗೆಯೇ ತಾಳ್ಮೆಯಿಂದ ಮರಳಿಸಿದ್ದಾರೆ. ಹವ್ಯಾಸಿಗಳ ತೊಟ್ಟಿಯಲ್ಲಿ ಉಳಿದಿದ್ದ ಕೆಲವೇ ಜೋಡಿಗಳಿಂದ ವಂಶ ಬೆಳೆಸಿ, 2014ರಿಂದ ತೆರೆದ ಕೊಳಗಳಲ್ಲಿ ಹಕ್ಕಿ, ಹಾವು, ಹಸಿವು ಎಲ್ಲವನ್ನೂ ಅಭ್ಯಾಸ ಮಾಡಿಸಿ, 2017ರಲ್ಲಿ 1,500 ಮೀನು ಬಿಟ್ಟರು. ಅದೇ ಊಟೆಯ ಮೀನು, ಅದೇ ಊಟೆಗೆ.

ನಮ್ಮಲ್ಲಿ ಯಾವ ಇಲಾಖೆಯೂ ಬಿಡದೆ ಮಹಶೀರ್ ಉಳಿದಿರುವ ಜಾಗಗಳಿವೆ. ಶೃಂಗೇರಿಯ ತುಂಗೆಯ ಸ್ನಾನಘಟ್ಟ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಕಾವೇರಿ ದಂಡೆಯ ರಾಮನಾಥಪುರ, ಬೆಳ್ತಂಗಡಿ ಕಡೆಯ ಶಿಶಿಲ. ಮಾಡಿದ್ದು ಇಷ್ಟೇ: ದೇವರ ಮೀನು, ಹಿಡಿಯಬೇಡಿ. ಶಿಶಿಲದಲ್ಲಿ ಕಪಿಲೆಗೆ (ಕಬಿನಿಯಲ್ಲ, ಅಲ್ಲಿನದೇ ಹೊಳೆ) ಇಳಿಯುವ ಮೆಟ್ಟಿಲ ಮೇಲೆ ಕೂತು ಹೊದಳು ಎಸೆದರೆ ತೊಡೆಗಾತ್ರದ ಮೀನುಗಳು ಒಂದರ ಮೈಮೇಲೊಂದು ಹತ್ತಿ ಬರುತ್ತವೆ. ಹುರುಪೆ ಒಂದೊಂದೂ ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲ. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಆಮೇಲೆ ಉಳಿದವುಗಳೇ ಮತ್ತೆ ಮಡು ತುಂಬಿಸಿದವು. ಭಕ್ತರು ಚೆಲ್ಲುವ ಅಕ್ಕಿ, ಬ್ರೆಡ್ಡು ಮೀನಿನ ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಎಂಬ ಪ್ರಶ್ನೆ ಇದ್ದೇ ಇದೆ, ಅದನ್ನು ಇನ್ನೊಮ್ಮೆ ನೋಡೋಣ.

ಕೆರೆಗಳಿಗೆ ಬಿಡಲೇಬೇಕೆಂದಿದ್ದರೆ ನನ್ನ ಮನಸ್ಸಿನಲ್ಲಿರುವುದು ಬೇರೊಂದು ಮೀನು. ಕೆಲವೆಡೆ ಹರಗಿ ಎನ್ನುತ್ತಾರೆ. ಫ್ರಾನ್ಸಿಸ್ ಡೇ 1870ರಲ್ಲಿ ಕೆನರಾ ಸೀಮೆಯಿಂದ ವಿವರಿಸಿದ ಗೆಂಡೆ ಜಾತಿ. ನೀರಿನ ಹುಲ್ಲು, ಪಾಚಿ ಮೇಯುವ ಮೀನು. ತುಂಗಭದ್ರಾ ಜಲಾಶಯದಲ್ಲಿ ಅದರ ಮೇವು ಮತ್ತು ಸಂತಾನದ ಬಗ್ಗೆ 1970ರ ದಶಕದಲ್ಲೇ ಅಧ್ಯಯನ ಮಾಡಿ, ಸಾಕಲು ತಕ್ಕ ಮೀನು ಎಂದು ಹೇಳಿದವರಿದ್ದರು. ಯಾರು ಕೇಳಬೇಕು? ಹುಲ್ಲು ಮೇಯಲು ಚೀನಾದ ಹುಲ್ಲುಗೆಂಡೆಯನ್ನು 1959ರಲ್ಲೇ ದೇಶಕ್ಕೆ ತರಿಸಿಯಾಗಿತ್ತು. ಗಂಗೆಯ ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಗಳನ್ನೆಲ್ಲ ತುಂಬಿದ್ದವು, ಆಫ್ರಿಕಾದ ತಿಲಾಪಿಯಾ 1952ರಿಂದಲೇ ಇತ್ತು. ಈಗ ಹರಗಿ ಕೆಂಪುಪಟ್ಟಿಯಲ್ಲಿ ಗೂನುಬೆನ್ನಿನ ಮಹಶೀರ್‌ನ ಸಾಲಿನಲ್ಲೇ ಇದೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಶಾಖೆಯವರು ಅದಕ್ಕೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವುದನ್ನು ಸಾಧಿಸಿದ್ದಾರೆ. ತಿನ್ನಲು ರುಚಿಯಾದ, ಕಳೆ ಮೇಯುವ, ಈ ನಾಡಿನದೇ ಆದ ಮೀನು. ಅದರ ಹೆಸರಿನಲ್ಲಿ ಒಂದು ಬ್ಯಾನರ್ ಕಟ್ಟಿದ್ದನ್ನು ನಾನು ನೋಡಿಲ್ಲ.

ಬ್ಯಾನರ್ ಅಂದಾಗ ನೆನಪಾಯಿತು. ನಮ್ಮ ಬಡಾವಣೆಯ ಕೆರೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕಳೆದ ಬೇಸಿಗೆಯಲ್ಲಿ ಒಬ್ಬರು ಉತ್ಸಾಹದಿಂದ ಹಾಕಿದರು: ಪರಿಸರ ದಿನಕ್ಕೆ ಅಳಿವಿನಂಚಿನ ಮಹಶೀರ್ ಮರಿ ಬಿಡೋಣ, ಐದು ಸಾವಿರ ಮರಿಗೆ ಪ್ರಾಯೋಜಕರು ಸಿಕ್ಕಿದ್ದಾರೆ. ನಿಮಿಷಕ್ಕೊಂದು ಹೆಬ್ಬೆರಳು, ಹೂಗುಚ್ಛ, ಚಪ್ಪಾಳೆ. ನಾನು ಕೇಳಿದ್ದು ಮೂರು ಮಾತು. ಯಾವ ಮಹಶೀರ್, ತಾಯಿಮೀನು ಯಾವ ಹೊಳೆಯದು? ನಸುಕಿನಲ್ಲಿ, ಸೂರ್ಯ ಹುಟ್ಟುವ ಮೊದಲು, ನಮ್ಮ ಕೆರೆಯ ನೀರಿನಲ್ಲಿ ಆಮ್ಲಜನಕ ಎಷ್ಟಿರುತ್ತದೆ? ಚರಂಡಿ ಸೇರುವ ಕೆರೆಯಲ್ಲಿ ಹಗಲು ಪಾಚಿ ಉಸಿರು ಕೊಡುತ್ತದೆ, ರಾತ್ರಿ ಅದೇ ಉಸಿರನ್ನು ಕಸಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ್ದನ್ನು ಬೆಂಗಳೂರಿನವರು ಮರೆತಿರಲಾರರು. ಅವು ಗಟ್ಟಿಪಿಂಡದ ಮೀನುಗಳು, ಮಹಶೀರ್ ಅದಕ್ಕಿಂತ ಎಷ್ಟೋ ನಾಜೂಕು. ಮೂರನೆಯದು, ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ? ನಮ್ಮದು ಊರಿನ ಪಶ್ಚಿಮದ ಕೆರೆ. ಕೋಡಿಯ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ. ಸಂಗಮದಿಂದ ಹೊಳೆಯ ಗುಂಟ ಮೇಲಕ್ಕೆ ಹೋದರೆ ಗಾಳಿಬೋರೆ. ವೃಷಭಾವತಿಯ ಕಪ್ಪು ನೊರೆಯಲ್ಲಿ ಈಜಿ ಯಾವ ಮರಿಯೂ ಅಲ್ಲಿಗೆ ಮುಟ್ಟಲಾರದು ಎಂದು ಒಬ್ಬರು ನಕ್ಕರು. ಅದೂ ನಿಜ. ಹಾಗಾದರೆ ಬಿಡುವುದಾದರೂ ಯಾಕೆ ಎಂದು ಇನ್ನೊಬ್ಬರು ಕೇಳಿದರು.

ಎರಡು ದಿನ ಗುಂಪು ಕಾವೇರಿತು. ನನ್ನನ್ನು ಅಪಶಕುನದ ಹಕ್ಕಿ ಎಂದವರೂ ಇದ್ದಾರೆ. ಕೆರೆಯ ಗುತ್ತಿಗೆ ಹಿಡಿದಿರುವ ಮೀನುಗಾರರನ್ನು ಆವರೆಗೆ ಯಾರೂ ಕೇಳಿರಲಿಲ್ಲ; ಕರೆದು ಕೇಳಿದರೆ, ಬಲೆಗೆ ಬರುವುದು ಬಹುಪಾಲು ತಿಲಾಪಿಯಾ, ಆಗಾಗ ಆಫ್ರಿಕನ್ ಕ್ಯಾಟ್‌ಫಿಶ್, ನೀವು ಏನು ಬಿಟ್ಟರೂ ಅದಕ್ಕೆ ತಿಂಡಿ ಎಂದರು. ಕೊನೆಗೆ ಮರಿಯ ಮಾತು ಮುಂದಕ್ಕೆ ಹೋಗಿ, ಪ್ರಾಯೋಜಕರ ದುಡ್ಡಿನಲ್ಲಿ ನೀರಿನ ಪರೀಕ್ಷೆಯನ್ನು ತಿಂಗಳಿಗೊಮ್ಮೆ, ನಸುಕಿನ ಹೊತ್ತಿನಲ್ಲಿ ಮಾಡಿಸುವುದೆಂದು ತೀರ್ಮಾನವಾಯಿತು. ಪ್ರಾಯೋಜಕರು ಇನ್ನೂ ಒಪ್ಪಿಲ್ಲ. ಪರೀಕ್ಷೆಯ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲವಂತೆ. ಮಹಶೀರ್ ಚಿತ್ರವಿರುವ ಹದಿನಾರು ಅಡಿಯ ಬ್ಯಾನರ್ ಮಾತ್ರ ಮೊದಲೇ ಅಚ್ಚಾಗಿ ಬಂದಿತ್ತು, ಅದನ್ನು ಏನು ಮಾಡುವುದೆಂಬ ಚರ್ಚೆ ಗುಂಪಿನಲ್ಲಿ ಈಗಲೂ ನಡೆಯುತ್ತಿದೆ.